ಹಳದಿ ಗೋಡೆ



ಕಳೆದ ದೀಪಾವಳಿಗೆ ಮೊದಲು ಸಚಿನ್‌ನ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. ಮಗಳು ತನ್ನ ಕೋಣೆಗೆ ಹಳದಿ ಬಣ್ಣ ಬೇಕೆಂದಳು. ನಾನು ಬೇಡವೆಂದೆ. “ಬಿಳಿಯೇ ಇರಲಿ. ನಾಳೆ ಊರಿಗೆ ಹೋಗುವಾಗ ಮನೆ ಮಾರಬೇಕಲ್ಲ, ಬಿಳಿ ಗೋಡೆ ಎಲ್ಲರಿಗೂ ಹಿಡಿಸುತ್ತದೆ” ಎಂದೆ.

“ಅಮ್ಮಾ, ಆ ನಾಳೆ ಯಾವಾಗ ಬರ್ತದೆ? ನಾನು ಹುಟ್ಟಿದಾಗಿನಿಂದ ಇದನ್ನೇ ಕೇಳ್ತಾ ಇದ್ದೇನೆ” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಉಡುಪಿ ಬಿಟ್ಟು ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷವೂ ನಮ್ಮ ಗೋಡೆಗಳು ಬಿಳಿಯಾಗಿಯೇ ಇದ್ದವು. ಬಣ್ಣ ಬಳಿದರೆ ಇಲ್ಲೇ ಉಳಿದುಬಿಡುತ್ತೇವೇನೋ ಎಂಬ ಹೆದರಿಕೆ ಇತ್ತೆಂದು ಈಗ ಅನ್ನಿಸುತ್ತದೆ. ಜೊತೆಗೆ ಬಿ.ಎ. ಓದುವಾಗ ನೋಡಿದ್ದ ಒಂದು ಕಥೆಯೂ ನೆನಪಾಯಿತು. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’. ಹಳದಿ ಕಾಗದ ಅಂಟಿಸಿದ ಕೋಣೆಯಲ್ಲಿ ಕೂಡಿಹಾಕಿದ ಹೆಂಗಸೊಬ್ಬಳ ಮನಸ್ಸು ಕೆಡುವ ಕಥೆ ಅದು. ಮಗಳಿಗೆ ಹೇಳಿದೆ. “ಅವಳನ್ನು ಕೆಡಿಸಿದ್ದು ಕಾಗದವಲ್ಲ, ಕೂಡಿಹಾಕಿದ್ದು” ಎಂದಳು. ಆ ಮಾತಿಗೂ ಸೋತೆ.

ಆದರೆ ಹಳದಿ ಆರಿಸುವುದು ಸುಲಭವಲ್ಲ. ಶೇಡ್ ಕಾರ್ಡಿನಲ್ಲಿ ಮಗಳು ಚೆಂಡು ಹೂವಿನಂಥ ಬಣ್ಣ ಮೆಚ್ಚಿದಳು. ಪೇಂಟರ್ ಭಾಯಿ ಒಂದು ಗೋಡೆ ಮುಗಿಸುವಷ್ಟರಲ್ಲಿ ಕಣ್ಣು ಬಿಡಲಾಗದಂತಾಯಿತು! ಕಾರ್ಡಿನಲ್ಲಿ ಕಾಣುವುದು ಎರಡು ಬೆರಳಿನಷ್ಟು ಬಣ್ಣ. ಕೋಣೆಯಲ್ಲಾದರೆ ಒಂದು ಗೋಡೆಯ ಹಳದಿ ಎದುರಿನ ಗೋಡೆಯ ಮೇಲೆ ಬಿದ್ದು ಎರಡೂ ಇನ್ನಷ್ಟು ಗಾಢವಾಗುತ್ತವೆ. ಆದ್ದರಿಂದ ಮೆಚ್ಚಿದ ಬಣ್ಣಕ್ಕಿಂತ ಎರಡು ಮನೆ ತಿಳಿಯಾದದ್ದನ್ನು ಆರಿಸಿ.

ಇನ್ನೊಂದು ಪಾಠ ನಮ್ಮ ಯಜಮಾನರದ್ದು. ಅವರು ಇಲ್ಲಿನ ಜಿಐಡಿಸಿಯ ಡೈಯಿಂಗ್ ಕೆಲಸದವರು. ಬಟ್ಟೆಯ ಬಣ್ಣ ಹೊಂದುತ್ತದೆಯೇ ಎಂದು ಅವರು ಒಂದೇ ದೀಪದಡಿ ನೋಡುವುದಿಲ್ಲ, ಬೇರೆ ಬೇರೆ ದೀಪದಡಿ ಹಿಡಿದು ನೋಡುತ್ತಾರೆ. ಗೋಡೆಗೂ ಅದೇ ಲೆಕ್ಕ. ಎರಡಡಿ ಚೌಕದಷ್ಟು ಬಣ್ಣವನ್ನು ಕಿಟಕಿಯ ಎದುರಿನ ಗೋಡೆಗೂ ಪಕ್ಕದ ಗೋಡೆಗೂ ಬಳಿದು, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ. ನಿಂಬೆಹಣ್ಣಿನ ಹಳದಿ ಬಿಳಿ ಟ್ಯೂಬ್‌ಲೈಟಿನಲ್ಲಿ ಹಸಿರು ಹೊಡೆಯುತ್ತದೆ. ಸ್ವಲ್ಪ ಕೆಂಪು ಬೆರೆತ ಬೆಚ್ಚನೆಯ ಹಳದಿ ಹಾಗೆ ಮೋಸ ಮಾಡುವುದು ಕಡಿಮೆ. ನಾವು ಕೊನೆಗೆ ಆರಿಸಿದ್ದು ಬೆಣ್ಣೆಗೆ ಚಿಟಿಕೆ ಅರಿಶಿನ ಹಾಕಿದಂಥ ಬಣ್ಣ.

ಅರಿಶಿನವೆಂದಾಗ ನನ್ನ ಅಜ್ಜಿ ನೆನಪಾಗುತ್ತಾರೆ. ಚಿಕ್ಕವಳಿದ್ದಾಗ “ಸುಣ್ಣಕ್ಕೆ ಅರಿಶಿನ ಹಾಕಿ ಗೋಡೆ ಹಳದಿ ಮಾಡುವ” ಎಂದು ನಾನು ಹಟ ಹಿಡಿದಿದ್ದೆ. ಅಜ್ಜಿ ಮಾತಾಡದೆ ಅಂಗೈಯಲ್ಲಿ ಎರಡನ್ನೂ ಕಲಸಿದರು. ಕೆಂಪಾಯಿತು! ಸುಣ್ಣದ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಆರತಿಯ ಓಕುಳಿ ನೀರು ಆಗುವುದೂ ಹೀಗೆಯೇ. ಸುಣ್ಣಕ್ಕೆ ಬೇಕಾದದ್ದು ಹಳದಿ ಮಣ್ಣು. ಅದರ ಬಣ್ಣ ಕಬ್ಬಿಣದ ಅಂಶದ್ದು. ಸುಣ್ಣಕ್ಕೂ ಜಗ್ಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ.

ಜೊತೆಯ ಬಣ್ಣಗಳಿಗೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಚಾವಣಿಗೆ ಕೆನೆಬಿಳಿ. ಮರದ ಕಪಾಟು ಇದ್ದ ಹಾಗೇ ಚೆನ್ನಾಗಿ ಕಂಡಿತು. ನೆಲಕ್ಕೆ ಊರಿನ ಮನೆಯ ಕಾವಿ ನೆಲದ ಕೆಂಪು ನೆನಪಿಸುವ ಒಂದು ಜಮಖಾನ, ಕಿಟಕಿಗೆ ಗಾಢ ನೀಲಿಯ ಹತ್ತಿ ಪರದೆ. ಹಳದಿಯ ಪಕ್ಕದಲ್ಲಿ ನೀಲಿ ಸ್ವಲ್ಪವೇ ಇದ್ದರೆ ಕಣ್ಣಿಗೆ ತಂಪು. ಎಲ್ಲವನ್ನೂ ಹಳದಿ ಮಾಡಬೇಡಿ, ಕಾಮಾಲೆಯಂತೆ ಕಾಣುತ್ತದೆ.

ಎರಡು ಎಚ್ಚರಿಕೆ. ಮಳೆಗಾಲ ಮುಗಿದು ಗೋಡೆ ಪೂರ್ತಿ ಒಣಗದೆ ಬಣ್ಣ ಬಳಿಸಬೇಡಿ, ಸಿಪ್ಪೆ ಏಳುತ್ತದೆ. ಎರಡನೆಯದು, ಹಿಂದೆ ಗಾಢ ಹಳದಿ ಪೇಂಟುಗಳಲ್ಲಿ ಸೀಸದ ಅಂಶ ಬಹಳ ಇರುತ್ತಿತ್ತು. ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಮನೆಯ ಪೇಂಟಿನಲ್ಲಿ ಸೀಸ 10 ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮವಿದೆ. ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಹಳೆಯ ಬಾಗಿಲು, ಕಿಟಕಿಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ನೀರು ಹಚ್ಚಿ ಉಜ್ಜಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ದಿನ ಬೇರೆಡೆ ಕಳಿಸಿ.

ಬಣ್ಣ ಮುಗಿದ ಸಂಜೆ ಆ ಕೋಣೆಯಲ್ಲಿ ಕುಳಿತಿದ್ದೆ. ಪಕ್ಕದ ಮನೆಯ ಬೆನ್ ಬಂದು “ಪೀಠಿ ಹಚ್ಚಿದ ಮದುಮಗಳ ಹಾಗಿದೆ” ಎಂದು ನಕ್ಕರು. ಇವರ ಮದುವೆಯ ಪೀಠಿಯೂ ನಮ್ಮ ಅರಿಶಿನ ಶಾಸ್ತ್ರವೂ ಒಂದೇ ತಾನೇ.

ಆಗ ದ್ವಾರಕೆಯ ಬಳಿಯ ಗೋಪಿ ತಲಾವಿನ ಹಳದಿ ಮಣ್ಣು ನೆನಪಾಯಿತು. ಅದೇ ಗೋಪಿಚಂದನ. ಉಡುಪಿಯ ಕೃಷ್ಣ ದ್ವಾರಕೆಯಿಂದ ಹೊರಟ ಹಡಗಿನಲ್ಲಿ ಗೋಪಿಚಂದನದ ಗಡ್ಡೆಯೊಳಗೆ ಬಂದ, ಮಲ್ಪೆಯ ಕಡಲ ತೀರದಲ್ಲಿ ಮಧ್ವಾಚಾರ್ಯರ ಕೈಗೆ ಸಿಕ್ಕಿದ ಎಂಬುದು ನಮ್ಮೂರಿನ ಪ್ರತೀತಿ. ಮಧ್ವಾಚಾರ್ಯರು 13ನೇ ಶತಮಾನದವರು. ಅಂದಿನಿಂದ ಆತ ಉಡುಪಿಯವನೇ. “ದ್ವಾರಕೆಗೆ ಯಾವಾಗ ವಾಪಸು?” ಎಂದು ಅವನನ್ನು ಯಾರೂ ಕೇಳಿಲ್ಲ. ನಾನು ಮಾತ್ರ ಇಪ್ಪತ್ತೆಂಟು ವರ್ಷ ನನ್ನನ್ನೇ ಕೇಳಿಕೊಳ್ಳುತ್ತಾ, ಮಕ್ಕಳನ್ನೂ ಅದೇ ಪ್ರಶ್ನೆಯಲ್ಲಿ ಬೆಳೆಸಿದೆ.

ಊರನ್ನು ಮರೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಹೊಸ್ತಿಲಿಗೆ ಇಂದಿಗೂ ಅರಿಶಿನ ಕುಂಕುಮ ಇಡುತ್ತೇನೆ. ಆದರೆ ನಿಮ್ಮ ಕೋಣೆಗೆ ಬಣ್ಣ ಬೇಕೆನಿಸಿದರೆ ನಿಮ್ಮ ಅಮ್ಮನಿಗೆ ಈ ಪುಟ ತೋರಿಸಿ. ಈ ಸಲ ಮಳೆ ನಿಂತ ಮೇಲೆ ನಮ್ಮ ಹಾಲ್‌ಗೂ ಬಣ್ಣ ಬಳಿಯಲು ಪೇಂಟರ್ ಭಾಯಿಗೆ ಹೇಳಿಟ್ಟಿದ್ದೇನೆ. ಯಾವ ಬಣ್ಣವೆಂದು ನಮ್ಮಿಬ್ಬರಲ್ಲಿ ಇನ್ನೂ ಒಪ್ಪಂದವಾಗಿಲ್ಲ.

ನಿಮ್ಮ ಕೋಣೆಯ ಗೋಡೆ ಯಾವ ಬಣ್ಣದ್ದು? ಕನ್ನಡದಲ್ಲಿ ಬರೆದು ತಿಳಿಸಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ.

ನಿಮ್ಮ ಆಂಟಿ