ಮೀನಿನ ತೊಟ್ಟಿಗೂ ಒಂದು ತೂಬು ಬೇಕು

ದೊಡ್ಡ ಮೀನಿನ ತೊಟ್ಟಿ ಮನೇಲಿ ಇಡೋದಾದ್ರೆ ಕೊಡದಲ್ಲಿ ನೀರು ಹೊರೋದನ್ನ ಬಿಡ್ಬೇಕು. ಅದು ಆಗಲ್ಲ ಅನ್ನೋರು ತೊಟ್ಟೀನೇ ತರಬಾರದು. ಬೇಜಾರಾಗೋರು ಆಗ್ಲಿ, ನಾನು ಹೇಳೋದು ಇಷ್ಟೇ.

ಈಗ ಕಡೂರು, ತರೀಕೆರೆ, ಅಜ್ಜಂಪುರ ಎಲ್ಲಿ ಹೊಸ ಮನೆ ಗೃಹಪ್ರವೇಶಕ್ಕೆ ಹೋದ್ರೂ ಒಂದೊಂದು ಮನೆ ಹಾಲಲ್ಲಿ 4 ಅಡಿ ಉದ್ದದ ಗಾಜಿನ ತೊಟ್ಟಿ ಕಾಣ್ತೈತೆ. ವಾಸ್ತು ಅಂತ ಯಜಮಾನ್ರು ತರ್ತಾರೆ, ಚಂದ ಅಂತ ಮಕ್ಕಳು ಕುಣೀತಾರೆ, ನೆಂಟರು ನಿಂತು ನೋಡ್ತಾರೆ. ನೀರು ಬದಲಾಯಿಸೋ ದಿನ ಮಾತ್ರ ಸೆರಗು ಸಿಕ್ಕಿಸ್ಕೊಂಡು ನಿಲ್ಲೋರು ನಾವು ಹೆಂಗಸರೇ.

ಲೆಕ್ಕ ಹಾಕಿ ನೋಡಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟೀಲಿ ಬರೀ 4 ಇಂಚು ನೀರು ಇಳಿಸಿದ್ರೂ 56 ಲೀಟರ್ ಆಗ್ತೈತೆ. ಅಂದ್ರೆ 56 ಕೆ.ಜಿ. ತೂಕ. ಕೊಡದಲ್ಲಾದ್ರೆ ನಾಲ್ಕು ಸಲ ಹೊರಗೆ, ನಾಲ್ಕು ಸಲ ಒಳಗೆ. ನುಣ್ಣಗಿರೋ ಟೈಲ್ಸ್ ಮೇಲೆ ಒಂಚೂರು ತುಳುಕಿದ್ರೂ ಸೊಂಟ ಮುರ್ಕೊಳ್ಳೋಕೆ ಅಷ್ಟೇ ಸಾಕು.

ಈ ಕೆಲಸಕ್ಕೆ ಹೆದರಿ ಎಷ್ಟೋ ಜನ ಎರಡು ಮೂರು ತಿಂಗಳು ಸುಮ್ನಿರ್ತಾರೆ. ಆಮೇಲೆ ಒಂದು ದಿನ ಪೂರಾ ಖಾಲಿ ಮಾಡಿ, ಕಲ್ಲು, ಸ್ಪಂಜು ಎಲ್ಲಾನೂ ನಲ್ಲಿ ನೀರಲ್ಲಿ ಗಸಗಸ ತಿಕ್ಕಿ ತೊಳೀತಾರೆ. ಸ್ವಲ್ಪ ದಿನಕ್ಕೆ ಮೀನು ತೇಲ್ತವೆ. ಆಗ 'ಮನೆಗೆ ಬರೋ ಕಂಟಕನ ಮೀನು ತಗೊಂಡು ಹೋಯ್ತು' ಅಂತ ಸಮಾಧಾನ ಬೇರೆ! ಕಂಟಕನೂ ಅಲ್ಲ, ಏನೂ ಅಲ್ಲ. ಮೀನಿನ ಹೊಲಸಿಂದ ಅಮೋನಿಯಾ ಅನ್ನೋ ವಿಷ ಹುಟ್ತೈತೆ. ಅದನ್ನ ಅರಗಿಸೋ ಬ್ಯಾಕ್ಟೀರಿಯಾ ಇರೋದು ಆ ಕಲ್ಲಲ್ಲಿ, ಆ ಸ್ಪಂಜಲ್ಲಿ. ಮೊಸರಿಗೆ ಹೆಪ್ಪು ಇದ್ದಂಗೆ ಅದು. ಹೆಪ್ಪನ್ನೂ ತೊಳೆದು ಚೆಲ್ಲಿದ್ರೆ ನಾಳೆ ಮೊಸರು ಎಲ್ಲಿಂದ ಬರಬೇಕು?

ನಮ್ಮ ಹಿರೀಕರು ಮದಗದ ಕೆರೆ, ಅಯ್ಯನಕೆರೆ ಕಟ್ಟಿದಾಗ ಏರಿ ಕೆಳಗೆ ತೂಬು ಇಟ್ರು. ಬೇಕಾದಷ್ಟೇ ನೀರು ಇಳಿಜಾರಿಗೆ ಬಿಟ್ರು, ಅದು ತಾನಾಗೇ ಹರ್ಕೊಂಡು ಗದ್ದೆ ಸೇರ್ತು. ಯಾರೂ ಕೊಡದಲ್ಲಿ ಹೊರ್ಲಿಲ್ಲ. ಮನೆ ತೊಟ್ಟಿಗೂ ಹಂಗೇ ಒಂದು ತೂಬು ಬೇಕು. ನಮ್ಮ ತೂಬು ಅಂದ್ರೆ ಅರ್ಧ ಇಂಚಿನ ಉದ್ದನೆ ಪೈಪು, ಅಷ್ಟೇ.

ಮೊದಲು ತೊಟ್ಟೀದು ಹೀಟರು, ಮೋಟಾರು ಎಲ್ಲಾ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ನೀರು ಇಳಿದು ಹೀಟರು ಬಿಸಿಯಾಗೇ ಹೊರಗೆ ಕಂಡ್ರೆ ಗಾಜು ಸಿಡೀತೈತೆ. ಗಾಜಿನ ಮೇಲೆ 4 ಇಂಚಿಗೆ ಟೇಪಿನ ಗುರುತು ಹಾಕಿ. ಪೈಪಿನ ಒಂದು ತುದಿ ನಲ್ಲಿಗೆ ಸಿಕ್ಕಿಸಿ ಪೂರಾ ನೀರು ತುಂಬಿಸಿ, ಎರಡೂ ತುದಿ ಹೆಬ್ಬೆರಳಲ್ಲಿ ಮುಚ್ಚಿ. ಬಾಯಲ್ಲಿ ಎಳೆಯೋ ಹೊಲಸು ಕೆಲಸ ಬೇಡ. ಒಂದು ತುದಿ ತೊಟ್ಟಿ ನೀರೊಳಗೆ, ಇನ್ನೊಂದು ಹಿತ್ತಲಲ್ಲಿ ಬಾಳೆ ಬುಡಕ್ಕೆ. ಹೊರಗಿನ ತುದಿ ತೊಟ್ಟಿ ನೀರಿಗಿಂತ ಕೆಳಗಿದ್ರೆ ಸಾಕು, ನೀರು ತಾನೇ ಹರೀತೈತೆ. ಒಳಗಿನ ತುದಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿದ್ರೆ ಸಣ್ಣ ಮೀನು ಹೋಗಲ್ಲ. ಅದೇ ತುದೀನ ಕಲ್ಲಿನ ಮೇಲೆ ಆಡಿಸಿದ್ರೆ ಗಷ್ಟೂ ಬಂದುಬಿಡ್ತೈತೆ. ಸ್ಪಂಜು ತೊಳೀಬೇಕಾದ್ರೆ ತೊಟ್ಟೀದೇ ನೀರು ಒಂದು ಬಕೆಟ್ ಹಿಡ್ಕೊಂಡು ಅದರಲ್ಲಿ ಹಿಂಡಿ.

ತುಂಬಿಸೋಕೂ ಕೊಡ ಬೇಡ. ಹಿಂದಿನ ದಿನವೇ ಡ್ರಮ್ಮಲ್ಲಿ ನೀರು ಹಿಡಿದು ಬಾಯಿ ತೆಗೆದಿಡಿ. ಪುರಸಭೆ ನೀರಲ್ಲಿ ಬ್ಲೀಚಿಂಗ್ ಪೌಡರಿಂದು ಕ್ಲೋರಿನ್ ಇದ್ರೆ ಆರಿಹೋಗ್ತೈತೆ. ಮಾರನೇ ದಿನ ಏರ್ ಕೂಲರಿನ ಸಣ್ಣ ಮೋಟಾರು ಡ್ರಮ್ಮಲ್ಲಿ ಮುಳುಗಿಸಿ ಪೈಪಲ್ಲಿ ಏರಿಸಿ. ಮೋಟಾರು ಓಡುವಾಗ ಡ್ರಮ್ಮಿಗೆ ಕೈ ಹಾಕಬೇಡಿ. ಪೈಪಿನ ತುದಿ ತೊಟ್ಟಿ ನೀರಿನ ಮೇಲೆ ಇರ್ಲಿ, ಒಳಗೆ ಮುಳುಗಬಾರದು. ಮುಳುಗಿದ್ರೆ ಮೋಟಾರು ಆರಿಸಿದ ತಕ್ಷಣ ನೀರು ವಾಪಸ್ ಡ್ರಮ್ಮಿಗೆ ಓಡಿಬಂದು ನೆಲವೆಲ್ಲಾ ಕೆರೆ ಆಗ್ತೈತೆ.

ಹೀಗೆ ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸಿದ್ರೆ ಸಾಕು. ಕಡಿಮೆ ಆದಷ್ಟು ಮೇಲೆ ಹೊಯ್ಕೊಂಡು ಹೋದ್ರೆ ಆಗಲ್ವಾ ಅಂತೀರಿ. ಆಗಲ್ಲ. ಆವಿಯಾಗೋದು ನೀರು ಮಾತ್ರ, ಉಪ್ಪಿನಂಶ ಅಲ್ಲೇ ಉಳೀತೈತೆ. ಬೋರ್‌ವೆಲ್ಲಿನ ಗಡಸು ನೀರಾದ್ರಂತೂ ಗಾಜಿಗೆ ಬಿಳೀ ಪಟ್ಟೆ ಕಟ್ತೈತೆ.

ಇನ್ನು ಒಂದು ಮಾತು ಅಕ್ಕಪಕ್ಕದೋರು ಕೇಳೇ ಕೇಳ್ತಾರೆ: 'ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋ ಸೀಮೇಲಿ ಮೀನಿಗೆ ವಾರಕ್ಕೆ ನಾಲ್ಕು ಕೊಡನಾ?' ಈ ಮಾತು ತಳ್ಳಿಹಾಕೋ ಅಂಥದ್ದಲ್ಲ. ನಮ್ಮ ಬಯಲುಸೀಮೇಲಿ ಬೇಸಿಗೆ ಅಂದ್ರೆ ಏನು ಅಂತ ನಮಗೇ ಗೊತ್ತು. ಆ 56 ಲೀಟರ್ ಬಚ್ಚಲಿಗೆ ಹೋದ್ರೆ ಅವರು ಹೇಳೋದೇ ಸರಿ. ಅದೇ ನೀರು ತೆಂಗು, ಬಾಳೆ, ಕರಿಬೇವಿನ ಬುಡಕ್ಕೆ ಹೋದ್ರೆ ಹೆಂಗಿದ್ರೂ ಗಿಡಕ್ಕೆ ಹಾಕೋ ನೀರೇ ತೊಟ್ಟೀಲಿ ಒಂದು ವಾರ ಇದ್ದು ಹೋದಂಗೆ ಆಯ್ತು. ಬ್ಯಾಕ್ಟೀರಿಯಾ ಅರಗಿಸಿ ಉಳಿಸಿದ ನೈಟ್ರೇಟು ಮೀನಿಗೆ ಬೇಡ, ಗಿಡಕ್ಕೆ ಗೊಬ್ಬರ. ಮೀನಿಗೆ ಔಷಧಿ ಇಲ್ಲಾ ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬಿಡಬೇಡಿ.

ಹಿತ್ತಲೂ ಇಲ್ಲ, ನಾಲ್ಕು ಕುಂಡನೂ ಇಲ್ಲ ಅನ್ನೋರು ದೊಡ್ಡ ತೊಟ್ಟಿ ಆಸೆ ಬಿಟ್ಟುಬಿಡೋದು ವಾಸಿ. ತೊಟ್ಟಿ ಎಷ್ಟು ದೊಡ್ಡದಿರಬೇಕು ಅಂತ ಹೇಳಬೇಕಾದ್ದು ಹಾಲಿನ ಗೋಡೆ ಅಲ್ಲ, ನೀರು ಹೋಗೋ ಜಾಗ.

ಇನ್ನು ಯಾರು ಮಾಡ್ಬೇಕು ಅಂದ್ರಾ? ಪೈಪು ಬಂದ ಮೇಲೆ ಇದು ಸೊಂಟದ ಕೆಲಸ ಅಲ್ಲ, ನಿಂತು ನೋಡೋ ಕೆಲಸ. ಮೀನು ತಂದೋರು ಯಜಮಾನ್ರಾದ್ರೆ ಭಾನುವಾರ ಪೇಪರ್ ಓದ್ತಾನೇ ಪೈಪಿನ ತುದಿ ಹಿಡ್ಕೊಳ್ಲಿ. ನಾವು ಅಷ್ಟೊತ್ತಿಗೆ ಕಾಫಿ ಕುಡಿಯೋಣ.