ತೋಟ ಕೆಡಿಸಿದ ಹಂದಿಯೇ ತೋಟದ ಕಾವಲು

ಮಾನವಶಾಸ್ತ್ರವೆಂದರೆ ದೂರದ ದ್ವೀಪವಾಸಿಗಳ ಕುಲ, ವಿವಾಹ, ಆಚಾರಗಳ ವರ್ಣನೆಯೆಂದೇ ಬಹುಮಂದಿ ತಿಳಿದಿದ್ದಾರೆ. ಆ ಶಾಸ್ತ್ರದ ವ್ಯಾಪ್ತಿ ಈಚಿನ ದಶಕಗಳಲ್ಲಿ ಬಹಳವಾಗಿ ಹಿಗ್ಗಿದೆ. ಮನುಷ್ಯನು ಮನುಷ್ಯನೊಡನೆ ಇಟ್ಟುಕೊಂಡ ನಂಟಿನಂತೆಯೇ ಹುಲಿ, ಹಂದಿ, ಹಾವುಗಳೊಡನೆ ಇಟ್ಟುಕೊಂಡ ನಂಟೂ ಸಮಾಜಜೀವನದ ಅಂಗವೆಂಬ ವಿಚಾರ ಅಲ್ಲಿ ನೆಲೆಗೊಂಡಿದೆ. ಈ ಜಿಜ್ಞಾಸೆಗೆ ಕನ್ನಡ ನಾಡಿನ ಕರಾವಳಿಯಂಥ ಸಮೃದ್ಧ ಕ್ಷೇತ್ರ ವಿರಳ.

ಅಮೃತ ಸೋಮೇಶ್ವರ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರು ಪಾಡ್ದನಗಳನ್ನೂ ಭೂತಾರಾಧನೆಯನ್ನೂ ಶ್ರದ್ಧೆಯಿಂದ ಅಭ್ಯಸಿಸಿದ್ದಾರೆ. ಅದೇ ಆರಾಧನೆಯನ್ನು ಕಾಡು, ನೆಲ, ಮೃಗಗಳ ಸಂಬಂಧದ ದೃಷ್ಟಿಯಿಂದ ಕಂಡವರು ಜಪಾನಿನ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ. ಮಂಗಳೂರಿನ ಬಳಿಯ ಪೆರಾರದಲ್ಲಿ ಕ್ಷೇತ್ರಕಾರ್ಯ ನಡೆಸಿ ಅವರು ಬರೆದ ಗ್ರಂಥ 2019ರಲ್ಲಿ ಪ್ರಕಟವಾಯಿತು. ಪ್ರತಿಯೊಂದು ಜೀವಿಯೂ ತನ್ನ ಇಂದ್ರಿಯಗಳಿಗೆ ಗೋಚರವಾಗುವ ತನ್ನದೇ ಲೋಕದಲ್ಲಿ ಬಾಳುತ್ತದೆಂಬುದು ಯೂರೋಪಿನ ಜೀವವಿಜ್ಞಾನಿ ಯಾಕೊಬ್ ಫಾನ್ ಯುಕ್ಸ್‌ಕ್ಯೂಲನ ತತ್ತ್ವ. ಇಶಿಯಿಯವರು ಇದನ್ನು ಭೂತಾರಾಧನೆಗೆ ಅನ್ವಯಿಸಿದರು. ದೈವವೆಂದರೆ ಕಾಡಿನ ಶಕ್ತಿ. ಊರಿನ ಫಲವತ್ತತೆ ಆ ಶಕ್ತಿಯ ಅನುಗ್ರಹ. ಬೆಳೆದವನು ಬೆಳೆಯ ಪಾಲನ್ನು ದೈವಕ್ಕೆ ಸಲ್ಲಿಸಿ ಅನುಗ್ರಹವನ್ನು ಮರಳಿ ಪಡೆಯುತ್ತಾನೆ. ಹೀಗೆ ಕಾಡಿಗೂ ಊರಿಗೂ ನಡುವೆ ನಡೆಯುವ ಕೊಡುಕೊಳೆಯೇ ಆರಾಧನೆಯ ತಿರುಳೆಂಬುದು ಅವರ ಪ್ರತಿಪಾದನೆಯ ಸಾರ.

ಈ ಮಾತಿಗೆ ಉಡುಪಿ ಜಿಲ್ಲೆಯ ವಂಡ್ಸೆಯ ಸೀಮೆ ಉತ್ತಮ ನಿದರ್ಶನ. ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಮೂಡಣಕ್ಕೆ ಪಶ್ಚಿಮಘಟ್ಟದ ದಟ್ಟಡವಿ. 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವೆಂದು ಘೋಷಿತವಾದ ಆ ಅರಣ್ಯದಲ್ಲಿ ಕಾಡುಕೋಣ, ಕಡವೆ, ಚಿರತೆ, ಸಿಂಗಳೀಕಗಳಿವೆ. ಅಡಕೆ, ತೆಂಗು, ಬತ್ತವನ್ನು ನೆಚ್ಚಿದ ಒಕ್ಕಲಿಗೆ ಮಂಗನೂ ಹಂದಿಯೂ ನಿತ್ಯದ ಉಪದ್ರವ. ಆದರೆ ಅದೇ ಹಂದಿ ಪಂಜುರ್ಲಿಯೆಂಬ ಹೆಸರಿನಿಂದ ಪೂಜೆಗೊಳ್ಳುತ್ತದೆ. ಹಾಯ್ಗುಳಿ, ಪಂಜುರ್ಲಿಗಳ ಸ್ಥಾನಗಳು, ನಾಗಬನಗಳು, ಪಾಣಾರಾಟ ಈ ಸೀಮೆಯ ಜೀವನದಲ್ಲಿ ಬೆರೆತಿವೆ. ವಂಡ್ಸೆಗೆ ಸಮೀಪದ ಕೆರಾಡಿಯವರಾದ ರಿಷಬ್ ಶೆಟ್ಟರು 2022ರಲ್ಲಿ ತೆರೆಗೆ ತಂದ ‘ಕಾಂತಾರ’ದಿಂದ ಪಂಜುರ್ಲಿಯ ಹೆಸರು ದೇಶವೆಲ್ಲ ಹಬ್ಬಿತು.

ಪಂಜುರ್ಲಿಯ ಹುಟ್ಟಿನ ಕಥೆಗೆ ಹಲವು ಪಾಠಗಳುಂಟು. ಒಂದರಂತೆ, ಪಾರ್ವತಿಯು ಅಕ್ಕರೆಯಿಂದ ಸಾಕಿದ ಹಂದಿಮರಿ ಬೆಳೆದು ಕೋರೆ ಮಸೆದು ಶಿವನ ತೋಟವನ್ನೇ ಹಾಳುಗೆಡವಿತು. ಕೊಲ್ಲಲು ಮುಂದಾದ ಶಿವನು ದೇವಿಯ ಮೊರೆಯಿಂದ ಮನಸ್ಸು ತಿರುಗಿಸಿ, ಅದನ್ನು ಭೂಲೋಕದ ಜನರ ಬೆಳೆ ಕಾಯಲು ಕಳುಹಿದನು. ತೋಟ ಕೆಡಿಸಿದ ಹಂದಿಗೇ ತೋಟದ ಕಾವಲು! ಕೆಡಿಸಬಲ್ಲ ಶಕ್ತಿಯೇ ಕಾಯಬಲ್ಲ ಶಕ್ತಿ; ಅದನ್ನು ನಿರ್ಮೂಲ ಮಾಡುವುದಕ್ಕಿಂತ ಅದರೊಡನೆ ಒಡಂಬಡಿಕೆ ಮಾಡಿಕೊಳ್ಳುವುದು ಲೇಸೆಂಬ ವಿವೇಕ ಈ ಕಥೆಯಲ್ಲಿದೆ. ರಾತ್ರಿ ಮಾಳದ ಮೇಲೆ ಕುಳಿತು ಹಂದಿಯನ್ನು ಅಟ್ಟುವ ರೈತನೂ ಪಂಜುರ್ಲಿಗೆ ಕೈಮುಗಿಯುವ ರೈತನೂ ಒಬ್ಬನೇ. ಇದನ್ನು ವಿರೋಧಾಭಾಸವೆಂದು ನಗುವವರು ಆ ಬಾಳಿನ ತರ್ಕವನ್ನು ಅರಿತಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕ್ಷುದ್ರದೈವಗಳ ಆರಾಧನೆಯನ್ನು ನಿರಾಕರಿಸಿ ಏಕದೇವನಿಷ್ಠೆಯನ್ನು ಬೋಧಿಸಿದ ಶರಣರ ಪರಂಪರೆಯ ವಿದ್ಯಾಸಂಸ್ಥೆಯು ಇಂಥ ನಂಬಿಕೆಗಳಿಗೆ ಮನ್ನಣೆ ಕೊಡಬಹುದೆ? ಪೂಜಿಸುವುದು ಬೇರೆ, ಅರಿಯುವುದು ಬೇರೆ. ಸಕಲ ಪ್ರಾಣಿಗಳಲ್ಲಿ ದಯೆಯನ್ನೇ ಧರ್ಮದ ಮೂಲವೆಂದು ಸಾರಿದವರ ಅನುಯಾಯಿಗಳಿಗೆ, ಆ ದಯೆ ಹಳ್ಳಿಯ ಜನರ ಬದುಕಿನಲ್ಲಿ ಯಾವ ರೂಪ ತಾಳಿತ್ತೆಂದು ತಿಳಿಯುವುದು ಕರ್ತವ್ಯವೇ ಆಗಿದೆ. ವಂಡ್ಸೆಯ ಸೀಮೆಯನ್ನೂ ಆಳಿದ ಕೆಳದಿಯ ವೀರಶೈವ ಅರಸರಲ್ಲಿ ಬಸವಪ್ಪನಾಯಕನು ತನ್ನ ‘ಶಿವತತ್ತ್ವರತ್ನಾಕರ’ದಲ್ಲಿ ಶಿವತತ್ತ್ವದೊಡನೆ ಲೌಕಿಕ ವಿದ್ಯೆಗಳನ್ನೂ ಸಂಗ್ರಹಿಸಿದ್ದಾನೆ. ಲೋಕಜ್ಞಾನವನ್ನು ದೂರವಿರಿಸುವುದು ಆ ಪರಂಪರೆಯ ಲಕ್ಷಣವಲ್ಲ. ಹುಲಿಯನ್ನೇರಿದ ಮಲೆಯ ಮಾದಪ್ಪನೂ ಆ ಪರಂಪರೆಗೆ ಸೇರಿದವನೇ. ದೇವರಗುಡ್ಡರು ಹಾಡುವ ಅವನ ಕಾವ್ಯದಲ್ಲಿ ಕಾಡಿನ ಸೋಲಿಗರಿಗೂ ಸ್ಥಾನವಿದೆ.

ಹಾಗೆಂದು ಹಿಂದಿನ ಕಾಲವೆಲ್ಲ ಸಾಮರಸ್ಯದ ಕಾಲವಾಗಿತ್ತೆಂದು ಬಣ್ಣಿಸುವುದು ಸತ್ಯಕ್ಕೆ ಅಪಚಾರ. ಹಂದಿಬೇಟೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಅದು ಅವಶ್ಯಕವಾದ ಕಾಯಿದೆಯೇ. ಆದರೆ ಹಳೆಯ ಒಡಂಬಡಿಕೆ ಸಡಿಲವಾಗಿ, ಹೊಸ ಕಾಯಿದೆ ರೈತನ ಹೃದಯಕ್ಕೆ ಇಳಿಯದಿದ್ದರೆ ಒದಗುವ ಅನಾಹುತಕ್ಕೆ ಮಾದಪ್ಪನ ಬೆಟ್ಟವೇ ಸಾಕ್ಷಿ. 2025ರ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಪ್ರಾಶನದಿಂದ ಸತ್ತವು. ವಿಷವಿದ್ದುದು ಹುಲಿ ಕೊಂದ ಹಸುವಿನ ಕಳೇಬರದಲ್ಲಿ. ‘ಗೋವಿನ ಹಾಡ’ನ್ನು ಬಾಯಿಪಾಠ ಮಾಡಿದ ನಾಡಿನಲ್ಲಿ, ಹುಲಿ ದೇವರ ವಾಹನವಾದ ಬೆಟ್ಟದಲ್ಲಿ ಇದು ನಡೆಯಿತು. ಕಥೆ ಬಾಯಲ್ಲಿ ಉಳಿದರೆ ಸಾಲದು; ಹಸು ಕಳೆದುಕೊಂಡವನ ಕಷ್ಟಕ್ಕೆ ಸಕಾಲದಲ್ಲಿ ಪರಿಹಾರವೂ, ಅವನ ಮಾತಿಗೆ ಕಿವಿಯೂ ಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿಯನ್ನು ದೇವರೆಂದು ಕಾಣುವ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯಹಕ್ಕು ದೊರೆಯಿತು. ಕಾಡನ್ನು ಬಲ್ಲವರನ್ನು ಹೊರಗಿಡದೆ ಕಾಡನ್ನು ಕಾಯಬಹುದೆಂಬುದಕ್ಕೆ ಅದು ಆಶಾದಾಯಕ ಆರಂಭ.

ಈ ಅರಿವು ಶಾಲೆಯಿಂದಲೇ ಮೊದಲಾಗಬೇಕು. ಪಠ್ಯಪುಸ್ತಕದಲ್ಲಿ ಜಿರಾಫೆಯ ಚಿತ್ರವನ್ನು ಕಂಡ ಬಾಲಕನಿಗೆ ತನ್ನ ಊರಿನ ಕೆಂಜಳಿಲು, ಕಬ್ಬೆಕ್ಕು, ಮುಳ್ಳುಹಂದಿಗಳ ಹೆಸರು ತಿಳಿಯದಿರುವುದು ವಿದ್ಯೆಯ ಲಕ್ಷಣವಲ್ಲ. ಯಾವ ತಿಂಗಳಲ್ಲಿ ಹಂದಿ ಗದ್ದೆಗಿಳಿಯುತ್ತದೆ, ಯಾವ ಬನದ ಮರವನ್ನು ಏಕೆ ಕಡಿಯಬಾರದು, ಹಿಂದಿನವರು ಬೆಳೆಯನ್ನು ಹೇಗೆ ಕಾಯುತ್ತಿದ್ದರು ಎಂಬುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಆಡುಮಾತಿನಲ್ಲೇ ಬರೆದಿಡಲಿ. ಅಧ್ಯಾಪಕರು ಅದನ್ನು ತಿದ್ದಿ ಕ್ರಮಪಡಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅದರ ಮುದ್ರಣಕ್ಕೆ ನೆರವಾಗಲಿ. ಇದಕ್ಕೆ ದೊಡ್ಡ ಧನರಾಶಿ ಬೇಕಿಲ್ಲ. ಕೇಳುವ ತಾಳ್ಮೆಯೊಂದಿದ್ದರೆ ಸಾಕು. ಜಪಾನಿನಿಂದ ಬಂದ ವಿದುಷಿಯೊಬ್ಬರು ಕುಳಿತು ಕೇಳಿದ ಮಾತುಗಳು ಇದೇ ಮಣ್ಣಿನ ಮಕ್ಕಳ ಕಿವಿಗೂ ಬೀಳಲಿ. ಮಾಳದ ಕಾವಲನ್ನೂ ಬನದ ಕಟ್ಟಳೆಯನ್ನೂ ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಈ ಕಾರ್ಯ ನಡೆಯಬೇಕು.