ಬೂಸಾ ಅಂದಿದ್ದಕ್ಕೆ ಬೀದಿಗಿಳಿದ ಹುಡುಗರು

ಹೋದ ವಾರ ಸೊವೆಟೊ ಬಗ್ಗೆ ಹಾಕಿದ್ದೆ. 1976ರ ಜೂನ್ 16, ದಕ್ಷಿಣ ಆಫ್ರಿಕಾದ ಕಪ್ಪು ಮಕ್ಕಳು ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಬೇಡ ಅಂತ ಯೂನಿಫಾರ್ಮಿನಲ್ಲೇ ಬೀದಿಗೆ ಬಂದದ್ದು, ಪೊಲೀಸರ ಗುಂಡು, ಹೆಕ್ಟರ್ ಪೀಟರ್ಸನ್ ಅನ್ನೋ ಹುಡುಗನನ್ನ ಎತ್ತಿಕೊಂಡು ಬರುತ್ತಿರುವ ಆ ಫೋಟೊ. ತುಂಬಾ ಜನ ಸ್ಟೋರಿಗೆ ಹಾಕ್ಕೊಂಡ್ರಿ. ಆಮೇಲೆ ಬಂದ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ: ನಮ್ಮ ಕಡೆ ಇಂಥದ್ದು ಆಗೇ ಇಲ್ವಾ?

ಆಗಿದೆ. ಆದ್ರೆ ನಮ್ಮಲ್ಲಿ ಬೀದಿಗೆ ಬಂದ ಹುಡುಗರೆಲ್ಲ ಹೀರೋಗಳಲ್ಲ. ಅದಕ್ಕೇ ಅದನ್ನ ಯಾರೂ ಸ್ಟೋರಿಗೆ ಹಾಕಲ್ಲ ಅಂತ ನನಗೆ ಅನುಮಾನ.

1973ರ ನವೆಂಬರ್. ದೇವರಾಜ ಅರಸು ಮುಖ್ಯಮಂತ್ರಿ. ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಅಂತ ದಲಿತ ಮಂತ್ರಿ. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಹೊರಟವರು ಇವರೇ. ಮೈಸೂರಿನ ಒಂದು ಸಭೆಯಲ್ಲಿ ಅವರು, ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ, ಇಂಗ್ಲಿಷ್ ಕಲೀರಿ ಅನ್ನೋ ಅರ್ಥದ ಮಾತಾಡಿದ್ರು.

ಬೂಸಾ ಅಂದ್ರೇನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ಹೋಗಿ, ಡೈರಿಗೆ ಹಾಲು ಹಾಕೋ ಮನೆಯಲ್ಲಿ ಒಂದು ಮೂಟೆ ಇದ್ದೇ ಇರುತ್ತೆ. (ಹಸು ಕಟ್ಟಿದವರಿಗೆ ಅದು ಬೈಗುಳಾನೇ ಅಲ್ಲ. ಈಗಿನ ರೇಟು ಕೇಳಿ ನೋಡಿ.) ಆದ್ರೆ ಅವತ್ತು ಆ ಒಂದು ಪದಕ್ಕೆ ಮೈಸೂರು, ಬೆಂಗಳೂರು ಹತ್ತಿಕೊಂಡು ಉರಿದವು. ಕಾಲೇಜು ಹುಡುಗರು ತರಗತಿ ಬಿಟ್ಟು ಬಂದ್ರು. ಕನ್ನಡಕ್ಕೆ ಅವಮಾನ ಆಯ್ತು, ಮಂತ್ರಿ ರಾಜೀನಾಮೆ ಕೊಡಬೇಕು ಅಂತ ಘೋಷಣೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಸವಲಿಂಗಪ್ಪನವರ ಪರ ಮಾತಾಡಿದ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಜೊತೆಯಲ್ಲೇ ಬೆಂಚಿನ ಮೇಲೆ ಕೂತು ಓದ್ತಿದ್ದವರೇ ಹೊಡೆದ್ರು. ಕೊನೆಗೆ ಮಂತ್ರಿ ಕುರ್ಚಿ ಬಿಡಬೇಕಾಯ್ತು.

ಇದು ವಿದ್ಯಾರ್ಥಿ ಚಳವಳಿ ಅಲ್ವಾ? ಹೌದು. ಭಾಷೆಯ ಹೆಸರಲ್ಲಿ, ಸಾಹಿತ್ಯದ ಹೆಸರಲ್ಲಿ, ಸಾವಿರಾರು ಹುಡುಗರು. ಹೊರಗಿಂದ ನೋಡಿದ್ರೆ ಸೊವೆಟೊ ಥರಾನೇ ಕಾಣುತ್ತೆ. ವ್ಯತ್ಯಾಸ ಇರೋದು ಏಟು ಯಾರಿಗೆ ಬಿತ್ತು ಅನ್ನೋದರಲ್ಲಿ. ಸೊವೆಟೊದಲ್ಲಿ ಮೆರವಣಿಗೆ ಹೊರಟವರ ಮೇಲೆ ಗುಂಡು ಬಿತ್ತು. ಇಲ್ಲಿ ಮೆರವಣಿಗೆಯವರೇ ಹಾಸ್ಟೆಲ್ ಹುಡುಗರನ್ನ ಹುಡುಕಿ ಹೊಡೆದ್ರು.

ನನ್ನ ಲೆಕ್ಕದಲ್ಲಿ ಕನ್ನಡದ ನಿಜವಾದ ವಿದ್ಯಾರ್ಥಿ ಕ್ರಾಂತಿ ಶುರುವಾಗಿದ್ದು ಏಟು ತಿಂದವರ ಕಡೆಯಿಂದ. ಆ ಗಲಾಟೆ ನೋಡಿದವರು, ಅನುಭವಿಸಿದವರು ಒಬ್ಬರನ್ನೊಬ್ಬರು ಹುಡುಕಿಕೊಂಡ್ರು. ದಲಿತ ಸಂಘರ್ಷ ಸಮಿತಿ ಹುಟ್ಟಿತು, ಭದ್ರಾವತಿಯ ಬಿ. ಕೃಷ್ಣಪ್ಪ ಮುಂದೆ ನಿಂತ್ರು. ‘ಪಂಚಮ’ ಪತ್ರಿಕೆ ಬಂತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಅವರಿಗಿನ್ನೂ 21ರ ಆಸುಪಾಸು. ನಮ್ಮ ಫೈನಲ್ ಇಯರ್ ಸೀನಿಯರ್ಸ್ ವಯಸ್ಸು, ಅಷ್ಟೇ! 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ನಮ್ಮ ಸಿಲಬಸ್‌ನಲ್ಲಿ ‘ದಲಿತ–ಬಂಡಾಯ’ ಅಂತ ಐದು ಮಾರ್ಕಿಗೆ ಬರೆಯೋದರ ಹಿಂದೆ ಇಷ್ಟಿದೆ.

ಇಲ್ಲೊಂದು ವಿಷಯ ನನ್ನನ್ನ ಬಹಳ ದಿನದಿಂದ ಕಾಡ್ತಿದೆ. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಗೊತ್ತಲ್ಲ. 1977ರಲ್ಲಿ ತನ್ನ ಊರ ಕಡೆಯ ರೈತರು, ಕೂಲಿಯವರ ಜೊತೆ ಗಿಕುಯು ಭಾಷೆಯಲ್ಲಿ ನಾಟಕ ಕಟ್ಟಿಸಿದ್ದಕ್ಕೆ ಸರ್ಕಾರ ಜೈಲಿಗೆ ಹಾಕಿತು. ಜೈಲಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಕಾದಂಬರಿ ಬರೆದ, ಅದೂ ಗಿಕುಯುನಲ್ಲೇ. ಮುಂದೆ ಕಥೆ, ಕಾದಂಬರಿಗೆ ಇಂಗ್ಲಿಷನ್ನೇ ಬಿಟ್ಟ. ಗೂಗಿ ಇಂಗ್ಲಿಷ್ ಬಿಡಿ ಅಂದ, ಬಸವಲಿಂಗಪ್ಪ ಇಂಗ್ಲಿಷ್ ಹಿಡೀರಿ ಅಂದ್ರು. ಯಾರು ಸರಿ? ನನಗನ್ನಿಸೋದು, ಇಬ್ಬರೂ ಒಂದೇ ಬಾಗಿಲು ಬಡೀತಿದ್ರು. ಪುಸ್ತಕದ ಭಾಷೆಯೊಳಗೆ ಕೂಲಿಯವನಿಗೆ ಜಾಗ ಇಲ್ಲ ಅನ್ನೋದೇ ಇಬ್ಬರ ಸಿಟ್ಟು. ನಮ್ಮ ದಲಿತ ಲೇಖಕರು ಮೂರನೇ ದಾರಿ ಹಿಡಿದ್ರು. ಕನ್ನಡ ಬಿಡಲಿಲ್ಲ, ಇದ್ದ ಕನ್ನಡವನ್ನ ಹಾಗೇ ಒಪ್ಪಲೂ ಇಲ್ಲ. ಕೇರಿಯ ಮಾತನ್ನೇ ಪುಸ್ತಕಕ್ಕೆ ತಂದ್ರು. ದೇವನೂರ ಮಹಾದೇವರ ‘ಕುಸುಮಬಾಲೆ’ ಮೊದಲ ಸಲ ಓದಿದಾಗ ಅರ್ಧ ಅರ್ಥ ಆಗಲ್ಲ ಅಂತ ಗೊಣಗ್ತೀವಿ. ಅದು ನಂಜನಗೂಡು ಕಡೆಯ ಕನ್ನಡ, ನಮ್ಮ ತೆಲುಗು ಬೆರೆತ ಕಿವಿಗೆ ಸ್ವಲ್ಪ ಟೈಮ್ ಬೇಕು. ಅದೇ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಮಾಲೂರು ಅಂದ್ರೆ ಮಾಸ್ತಿ, ಮುಳಬಾಗಿಲು ಅಂದ್ರೆ ಡಿವಿಜಿ, ಶ್ರೀನಿವಾಸಪುರ ಅಂದ್ರೆ ಮಾವಿನಹಣ್ಣು. ಕ್ವಿಜ್‌ಗೆ ಇಷ್ಟು ಸಾಕು. (ಮಾಸ್ತಿ ಬೂಸಾ ಅಂತ ನಾನೇನೂ ಹೇಳ್ತಿಲ್ಲ, ಜಗಳಕ್ಕೆ ಬರಬೇಡಿ. ‘ಸುಬ್ಬಣ್ಣ’ ನನಗೂ ಇಷ್ಟ.) ಆದ್ರೆ ಅದೇ ಮಾಲೂರು ತಾಲ್ಲೂಕಿನ ಹುಣಸೀಕೋಟೆ ಹೆಸರು ಎಷ್ಟು ಜನಕ್ಕೆ ಗೊತ್ತು? ಅಲ್ಲೊಬ್ಬ ದಲಿತನ ಕೊಲೆ ಆದಾಗ, ನ್ಯಾಯ ಕೇಳ್ಕೊಂಡು ಸಂಘರ್ಷ ಸಮಿತಿಯವರು ಬೆಂಗಳೂರಿಗೆ ನಡೆದುಕೊಂಡೇ ಹೋದ್ರು. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯ ಶೇ. 30ರಷ್ಟು ಜನ ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಅತಿ ಹೆಚ್ಚು. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ಸುಮಾರು ಜನಕ್ಕೆ ಇದು ಅಜ್ಜ, ದೊಡ್ಡಪ್ಪಂದಿರ ಕಥೆ. ಉಳಿದವರಿಗೆ ಪಕ್ಕದ ಬೆಂಚಿನವರ ಮನೆ ಕಥೆ.

ಆ ಚಳವಳಿಯ ಹಾಡು, ನಾಟಕದಿಂದ ಬಂದವರೇ ನಮ್ಮ ಕೋಟಿಗಾನಹಳ್ಳಿ ರಾಮಯ್ಯ. ಕೋಲಾರದ ಬೆಟ್ಟದ ಮೇಲೆ ತೇರಹಳ್ಳಿ ಹತ್ತಿರ ‘ಆದಿಮ’ ಕಟ್ಟಿದ್ದು ಅವರು ಮತ್ತು ಗೆಳೆಯರು. ಅಂತರಗಂಗೆಗೆ ಹೋಗಿ ಕೋತಿ ಜೊತೆ ರೀಲ್ಸ್ ಮಾಡ್ತೀವಲ್ಲ, ಅದೇ ಬೆಟ್ಟಸಾಲು. ಅಲ್ಲಿ ‘ಹುಣ್ಣಿಮೆ ಹಾಡು’ ಅಂತ ಬೆಳದಿಂಗಳಲ್ಲಿ ನಾಟಕ, ಹಾಡು ನಡೆಸಿಕೊಂಡು ಬಂದವರು ಇವರು. ಕೀನ್ಯಾದ ಬಯಲು ನಾಟಕಕ್ಕೆ ಲೈಕ್ ಒತ್ತೋ ನಾವು ಇದನ್ನ ನೋಡೋಕೆ ಬೆಟ್ಟ ಹತ್ತಿಲ್ಲ ಅಂದ್ರೆ ಹೇಗೆ?

ಇದನ್ನೆಲ್ಲ ಈಗ ಯಾಕೆ ಎಳೀತಿದೀನಿ ಅಂದ್ರೆ, ನಾಳೆ ಬೆಳಿಗ್ಗೆ ನಮ್ಮ ಕ್ಲಾಸ್ ಗ್ರೂಪಿಗೂ ಒಂದು ಮೆಸೇಜ್ ಬರುತ್ತೆ. ಯಾರೋ ಏನೋ ಅಂದ್ರಂತೆ, ನಮಗೆ ಅವಮಾನ ಆಯ್ತಂತೆ, ಕ್ಲಾಸ್ ಬಾಯ್ಕಾಟ್, ಎಲ್ಲರೂ ಬನ್ನಿ. ಹೋಗಬೇಡಿ ಅನ್ನಲ್ಲ ನಾನು. ಬಸ್ ಇಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲ್ ಊಟ ಸರಿಯಿಲ್ಲ ಅಂತ ಯಾರಾದ್ರೂ ಕರೆದ್ರೆ ನಾನೇ ಮೊದಲ ಸಾಲಲ್ಲಿ ಇರ್ತೀನಿ. ಆದ್ರೆ ಬರೀ ಒಂದು ಪದಕ್ಕೆ ಕರೆದಾಗ, ಆ ಪದ ಆಡಿದವರು ಯಾರು, ಯಾಕೆ ಆಡಿದ್ರು ಅಂತ ತಿಳ್ಕೊಂಡು ಹೋಗಿ. ಮತ್ತೆ, ಅವತ್ತು ನಮ್ಮ ಕ್ಲಾಸಲ್ಲಿ ಯಾರು ಹೆದರಿಕೊಂಡು ಕಾಲೇಜಿಗೇ ಬಂದಿಲ್ಲ ಅಂತಾನೂ ನೋಡಿ.

ಓದೋಕೆ ಎಲ್ಲಿಂದ ಶುರು ಮಾಡಲಿ ಅನ್ನೋರು ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಹಿಡೀರಿ. ನಗ್ತಾ ನಗ್ತಾ ಓದಿಸಿಕೊಂಡು ಹೋಗಿ ಎಲ್ಲೋ ಒಂದು ಕಡೆ ಚುಚ್ಚುತ್ತೆ. ಮನೆಯಲ್ಲಿ, ಬೀದಿಯಲ್ಲಿ 1973ರ ಹೊತ್ತಿಗೆ ಕಾಲೇಜು ಓದ್ತಿದ್ದ ತಾತ, ಮೇಷ್ಟ್ರು ಯಾರಾದ್ರೂ ಇದ್ರೆ, ಬೂಸಾ ಗಲಾಟೆ ಟೈಮಲ್ಲಿ ನೀವು ಎಲ್ಲಿದ್ರಿ, ಯಾವ ಕಡೆ ಇದ್ರಿ ಅಂತ ಕೇಳಿ. ಅವರು ಒಪ್ಪಿದ್ರೆ, ಹೆಸರು ಹಾಕದೆ, ಕಾಮೆಂಟಲ್ಲಿ ಬರೀರಿ. ಮುಂದಿನ ಪೋಸ್ಟು ಅವುಗಳಿಂದಲೇ ಮಾಡೋಣ.